ಇಸ್ತ್ರಿ ಅಂಗಡಿಯಿಂದ ಎದ್ದ ಹಾಡು

1941ರಲ್ಲಿ ಅಮೆರಿಕದ ಕೀನೋಟ್ ಕಂಪೆನಿ ಮೂರು ಗ್ರಾಮಾಫೋನ್ ತಟ್ಟೆಗಳ ಒಂದು ಸಂಪುಟವನ್ನು ಹೊರತಂದಿತು. ಅದರ ಹೆಸರು ‘ಚೀ ಲಾಯ್’. ಚೀನೀ ಭಾಷೆಯಲ್ಲಿ ‘ಏಳಿ’ ಎಂದು ಇದರ ಅರ್ಥ. ಮುಖ್ಯ ಗಾಯಕ ಪಾಲ್ ರೋಬ್ಸನ್, ಅಮೆರಿಕದ ಹೆಸರಾಂತ ಕಪ್ಪು ಕಲಾವಿದ. ಮುನ್ನುಡಿ ಬರೆದವರು ಚೀನಾದ ನಾಯಕ ಸನ್ ಯಾತ್ ಸೇನ್ ಅವರ ಪತ್ನಿ ಸೂಂಗ್ ಚಿಂಗ್ ಲಿಂಗ್. ಆದರೆ ರೋಬ್ಸನ್ ಜೊತೆ ದನಿಗೂಡಿಸಿದ ವೃಂದದವರು ವೃತ್ತಿಗಾಯಕರಲ್ಲ, ನ್ಯೂಯಾರ್ಕಿನ ಚೀನೀ ಸಮುದಾಯದವರು. ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕುವ ಜನರ ನಡುವೆ ಹುಟ್ಟಿದ ವೃಂದ ಅದು. ಅವರನ್ನು ಹಾಡಿಸಿದ ಲಿಯು ಲಿಯಾಂಗ್‌ಮೋ ಕೂಡ ಸಂಗೀತ ವಿದ್ವಾಂಸರೇನೂ ಅಲ್ಲ.

1909ರಲ್ಲಿ ಹುಟ್ಟಿದ ಲಿಯು ಶಾಂಘೈಯಲ್ಲಿ ಓದಿದ್ದು ಸಮಾಜಶಾಸ್ತ್ರ. ಕೆಲಸ ವೈಎಂಸಿಎ ಕಾರ್ಯದರ್ಶಿಯದು. 1931ರಲ್ಲಿ ಜಪಾನ್ ಮಂಚೂರಿಯಾವನ್ನು ಆಕ್ರಮಿಸಿದಾಗಿನಿಂದ ಚೀನಾ ತಳಮಳದಲ್ಲಿತ್ತು. ಜನರನ್ನು ಒಗ್ಗೂಡಿಸುವುದು ಹೇಗೆ? 1935ರಲ್ಲಿ ಲಿಯು ಸಾಮಾನ್ಯ ಜನರಿಗಾಗಿ ಒಂದು ಹಾಡಿನ ಸಂಘ ಕಟ್ಟಿದರು. ವೇದಿಕೆಯ ಮೇಲೆ ಕಲಾವಿದ, ಕೆಳಗೆ ಶ್ರೋತೃಗಳು ಎಂಬ ಒಪೆರಾ ಸಂಪ್ರದಾಯಕ್ಕೆ ಒಗ್ಗಿದ್ದ ನಗರದಲ್ಲಿ ಎಲ್ಲರೂ ಒಟ್ಟಾಗಿ ಹಾಡುವುದು ಹೊಸ ಅನುಭವವಾಗಿತ್ತು. ಮರುವರ್ಷದ ಜೂನ್‌ನಲ್ಲಿ ಅವರು ಶಾಂಘೈಯ ಕ್ರೀಡಾಂಗಣವೊಂದರಲ್ಲಿ ಸಾವಿರಾರು ಜನರನ್ನು ಏಕಕಂಠದಲ್ಲಿ ಹಾಡಿಸಿದರು. ಯುದ್ಧ ಬಂದಾಗ ಸೈನಿಕರಿಗೂ ಹಾಡು ಕಲಿಸಿದರು.

ಈ ಚಳವಳಿಯಲ್ಲಿ ಮನೆಮಾತಾದ ಗೀತೆಗಳಲ್ಲಿ ಒಂದು, ‘ಸ್ವಯಂಸೇವಕ ಸೈನಿಕರ ಪಥಗೀತೆ’. ನಾಟಕಕಾರ ತಿಯಾನ್ ಹಾನ್ ಅವರ ಸಾಹಿತ್ಯಕ್ಕೆ ನಿಯೆ ಅರ್ 1935ರಲ್ಲಿ ಚಲನಚಿತ್ರವೊಂದಕ್ಕಾಗಿ ರಾಗ ಹಾಕಿದ್ದರು. ಅದೇ ವರ್ಷದ ಜುಲೈಯಲ್ಲಿ ನಿಯೆ ಅರ್ ಜಪಾನಿನ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ ಕೇವಲ 23 ವರ್ಷ. ಅವರ ಹಾಡನ್ನು ಸಾಗರದಾಚೆ ದಾಟಿಸಿದವರಲ್ಲಿ ಲಿಯು ಪ್ರಮುಖರು.

1940ರಲ್ಲಿ ಲಿಯು ಅಮೆರಿಕಕ್ಕೆ ಬಂದಾಗ ಅಲ್ಲಿನ ಚೀನೀಯರ ಸ್ಥಿತಿ ಹೇಗಿತ್ತೆಂಬುದನ್ನು ನೋಡಬೇಕು. 1882ರ ಕಾನೂನು ಚೀನೀ ಕಾರ್ಮಿಕರ ವಲಸೆಗೆ ಬಾಗಿಲು ಮುಚ್ಚಿತ್ತು. ವಲಸೆ ಬಂದವರಿಗೆ ಪೌರತ್ವ ಸಿಗುತ್ತಿರಲಿಲ್ಲ. ಕೂಲಿಕಾರರು ಹೆಂಡತಿಯನ್ನು ಕರೆತರುವಂತಿರಲಿಲ್ಲ. ಉಳಿದ ಉದ್ಯೋಗಗಳಲ್ಲಿ ಜಾಗವಿಲ್ಲದೆ ಸಾವಿರಾರು ಮಂದಿ ಸಣ್ಣ ಲಾಂಡ್ರಿಗಳನ್ನು ಹಿಡಿದಿದ್ದರು. ಎಂಟು ಪೌಂಡ್ ತೂಕದ ಇಸ್ತ್ರಿ ಪೆಟ್ಟಿಗೆಯಿಂದಾಗಿ ತಮ್ಮ ಕಸುಬನ್ನು ಅವರೇ ‘ಎಂಟು ಪೌಂಡಿನ ಬದುಕು’ ಎಂದು ಕರೆದುಕೊಂಡಿದ್ದರು. 1933ರಲ್ಲಿ ನ್ಯೂಯಾರ್ಕ್ ನಗರಾಡಳಿತ ಲಾಂಡ್ರಿಗಳಿಗೆ 25 ಡಾಲರ್ ಶುಲ್ಕ, 1,000 ಡಾಲರ್ ಠೇವಣಿ ವಿಧಿಸಲು ಹೊರಟಾಗ ಅವರು ಸಂಘಟಿತರಾದರು. ಶುಲ್ಕವನ್ನು 10ಕ್ಕೆ, ಠೇವಣಿಯನ್ನು 100ಕ್ಕೆ ಇಳಿಸಿಕೊಂಡರು. ಆಗ ಹುಟ್ಟಿದ ಚೀನೀ ಲಾಂಡ್ರಿ ಒಕ್ಕೂಟವೇ ಮುಂದೆ ಯುದ್ಧಪೀಡಿತ ತಾಯ್ನಾಡಿಗೆ ನಿಧಿ ಕೂಡಿಸಿತು. ಈ ಒಕ್ಕೂಟದ ಸದಸ್ಯರನ್ನೇ ಸೇರಿಸಿ ಲಿಯು ತಮ್ಮ ವೃಂದ ಕಟ್ಟಿದರು.

ಹಾಡಿನಿಂದ ಅವರಿಗೆ ಪೌರತ್ವ ಬರಲಿಲ್ಲ, ಕೂಲಿ ಹೆಚ್ಚಲಿಲ್ಲ. ಆದರೆ ಅಂಗಡಿಯ ಕಟಕಟೆಯ ಹಿಂದೆ ತಲೆತಗ್ಗಿಸಿ ದುಡಿಯುತ್ತಿದ್ದ ಜನ ತಮ್ಮ ಭಾಷೆಯಲ್ಲಿ, ತಮ್ಮ ದನಿಯಲ್ಲಿ ಊರೆದುರು ನಿಂತರು. ಲಿಯು ಅವರ ನೇತೃತ್ವದ ಗುಟ್ಟು ಇಲ್ಲಿದೆ. ಹಾಡು ಬಲ್ಲವರನ್ನು ಹುಡುಕುವುದಲ್ಲ, ಹಾಡಲು ಹಿಂಜರಿಯುವವರ ಬಾಯಿ ತೆರೆಸುವುದು ಅವರ ವಿದ್ಯೆಯಾಗಿತ್ತು.

ರೋಬ್ಸನ್ ಭೇಟಿಯೂ ಸ್ವಾರಸ್ಯಕರ. ಗೆಳೆಯರೊಬ್ಬರು ದೂರವಾಣಿ ಮಾಡಿದ ಅರ್ಧ ಗಂಟೆಯೊಳಗೆ ರೋಬ್ಸನ್ ಬಂದುಬಿಟ್ಟರೆಂದು ಲಿಯು ನೆನಪಿಸಿಕೊಂಡಿದ್ದಾರೆ. ಚೀನಾದ ಹಾಡು ಕೇಳಿದ ರೋಬ್ಸನ್ ಅದನ್ನು ಚೀನೀ ಭಾಷೆಯಲ್ಲೇ ಕಲಿತು ಹಾಡಿದರು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡ ತಂದೆಯ ಮಗನಾಗಿದ್ದ ಅವರಿಗೆ, ದಾಸ್ಯವನ್ನು ಧಿಕ್ಕರಿಸುವ ಆ ಹಾಡಿನ ಅರ್ಥವನ್ನು ಬಿಡಿಸಿ ಹೇಳಬೇಕಿರಲಿಲ್ಲ. ಸ್ನೇಹ ಒಂದೇ ಕಡೆಯದಾಗಿರಲಿಲ್ಲ. 1942ರಿಂದ 1945ರವರೆಗೆ ಲಿಯು ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪು ಜನರ ಪತ್ರಿಕೆಗೆ ಅಂಕಣ ಬರೆದು, ಅಮೆರಿಕದ ವರ್ಣಭೇದವನ್ನೂ ಟೀಕಿಸಿದರು.

1943ರ ಡಿಸೆಂಬರಿನಲ್ಲಿ ಚೀನೀಯರನ್ನು ದೂರವಿಟ್ಟ ಕಾನೂನು ರದ್ದಾಯಿತು. ಆದರೂ ಹೊಸದಾಗಿ ಬರಲು ಅವಕಾಶ ಸಿಕ್ಕಿದ್ದು ವರ್ಷಕ್ಕೆ 105 ಮಂದಿಗೆ ಮಾತ್ರ. 1949ರ ಸೆಪ್ಟೆಂಬರಿನಲ್ಲಿ ‘ಚೀ ಲಾಯ್’ ಹೊಸ ಚೀನಾದ ತಾತ್ಕಾಲಿಕ ರಾಷ್ಟ್ರಗೀತೆಯಾಯಿತು. ಲಿಯು ಆ ವರ್ಷ ಸ್ವದೇಶಕ್ಕೆ ಮರಳಿದರು.

ಹಾಡನ್ನು ಎತ್ತಿ ಹಿಡಿದವರಿಗೆ ಮುಂದಿನ ಕಾಲ ದಯೆ ತೋರಲಿಲ್ಲ. ಅಮೆರಿಕ ಸರ್ಕಾರ 1950ರಲ್ಲಿ ರೋಬ್ಸನ್ ಅವರ ಪಾಸ್‌ಪೋರ್ಟನ್ನು ರದ್ದುಪಡಿಸಿತು. ಅದು ಮರಳಿ ಸಿಕ್ಕಿದ್ದು 1958ರಲ್ಲಿ. ರಾಷ್ಟ್ರಗೀತೆ ಬರೆದ ತಿಯಾನ್ ಹಾನ್ ಅವರು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬಂಧಿತರಾಗಿ 1968ರಲ್ಲಿ ತೀರಿಕೊಂಡರು. ಅವರ ಸಾಹಿತ್ಯವನ್ನು ಕೈಬಿಟ್ಟು 1978ರಲ್ಲಿ ಬೇರೆ ಪದಗಳನ್ನು ಜೋಡಿಸಲಾಯಿತು. ಮೂಲ ಸಾಲುಗಳು ಮರಳಿದ್ದು 1982ರಲ್ಲಿ. ಲಿಯು 1988ರಲ್ಲಿ ನಿಧನರಾದರು.

ರೋಬ್ಸನ್, ಲಿಯು, ನಿಯೆ ಅರ್, ತಿಯಾನ್ ಹಾನ್ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ಹಾಡಿದವರಿಗೆ ಆ ತಟ್ಟೆಗಳಲ್ಲಿ ‘ಚೀನೀ ಗಾಯಕವೃಂದ’ ಎಂಬ ಒಂದೇ ಹೆಸರು. ಆದರೆ ಮುಳ್ಳು ತಟ್ಟೆಯ ಮೇಲೆ ಕೂತಾಗ ರೋಬ್ಸನ್ ಅವರ ಗಂಭೀರ ಕಂಠದ ಜೊತೆಗೆ ಇಂದೂ ಕೇಳಿಬರುವುದು ಅವರದೇ ದನಿ.