ಒಡೆಯನಿಲ್ಲದ ಧೂಳು

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವುದು ಕುಲುಮೆಯ ಪಕ್ಕದ ಎತ್ತರದ ಗೋಪುರ. ಅದರಲ್ಲಿ ಒಂದರ ಮೇಲೊಂದು ಕೂತಿರುವವು ಸೈಕ್ಲೋನ್‌ಗಳು, ಅಂದರೆ ಮೇಲೆ ದುಂಡಗಿದ್ದು ಕೆಳಗೆ ಲಾಳಿಕೆಯಂತೆ ಕಿರಿದಾಗುವ ಪಾತ್ರೆಗಳು. ಪುಡಿ ತುಂಬಿದ ಗಾಳಿ ಪಕ್ಕದಿಂದ ನುಗ್ಗಿ ಒಳಗೆ ಗಿರಗಿರನೆ ಸುತ್ತುತ್ತದೆ. ಪುಡಿ ಗೋಡೆಗೆ ಬಡಿದು ಕೆಳಗಿಳಿದರೆ ಗಾಳಿ ನಡುವಿನ ಕೊಳವೆ ಹಿಡಿದು ಮೇಲೆ ಹೋಗುತ್ತದೆ. 1880ರ ದಶಕದಲ್ಲಿ ಅಮೆರಿಕದ ಹಿಟ್ಟಿನ ಗಿರಣಿ, ಮರದ ಕಾರ್ಖಾನೆಗಳಿಗಾಗಿ ರೂಪುಗೊಂಡ ಈ ಉಪಾಯವನ್ನು 1950ರ ದಶಕದ ಆರಂಭದಲ್ಲಿ ಜರ್ಮನಿಯವರು ಸಿಮೆಂಟ್ ಕುಲುಮೆಗೆ ಜೋಡಿಸಿದರು. ಮನೆಯಲ್ಲೇ ಸ್ಕ್ರೋಲ್ ಗರಗಸ ಇಟ್ಟುಕೊಂಡು ಮರದಲ್ಲಿ ನಕ್ಷೆ ಕೊರೆಯುವ ಹವ್ಯಾಸಿಗಳು ಬಕೆಟ್, ಪೈಪು, ವ್ಯಾಕ್ಯೂಮ್ ಕ್ಲೀನರ್ ಕೂಡಿಸಿ ಇದನ್ನೇ ಕೈಯಾರೆ ಮಾಡಿಕೊಳ್ಳುತ್ತಾರೆ. ಚಲಿಸುವ ಭಾಗ ಒಂದೂ ಇಲ್ಲದ, ತಗಡು ಬಾಗಿಸಬಲ್ಲ ಯಾರಾದರೂ ಮಾಡಬಹುದಾದ ಸಾಧನ ಇದು. ಹಾಗಿದ್ದೂ ಅದೇ ಸೀಮೆಯಲ್ಲಿ, ಅದೇ ಸುಣ್ಣಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಶಹಾಬಾದ್ ಕಡೆಯ ಸಣ್ಣ ಘಟಕಗಳಲ್ಲಿ ಬ್ಲೇಡಿಗೆ ಸುರಿಯುವ ನೀರು ಬಿಟ್ಟರೆ ಕೆಲಸಗಾರನಿಗೂ ಧೂಳಿಗೂ ನಡುವೆ ಇರುವುದು ಹೆಚ್ಚಾಗಿ ಮುಖಕ್ಕೆ ಸುತ್ತಿದ ಟವೆಲ್ ಒಂದೇ. ತಂತ್ರಜ್ಞಾನ ತಲುಪಲಿಲ್ಲ ಎನ್ನುವುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ಈ ಸೀಮೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಧೂಳು ಯಾರದೋ ಸರಕಾಗಿದ್ದಲ್ಲಿ, ಇಲ್ಲವೇ ಯಾರದೋ ಆಸ್ತಿಯ ಮೇಲೆ ಬಿದ್ದಲ್ಲಿ ಅದನ್ನು ಹಿಡಿದರು. ಬರೀ ಕೂಲಿಯವನ ಎದೆಗೆ ಇಳಿದಾಗ ಬಿಟ್ಟುಬಿಟ್ಟರು.

ಕಲ್ಲಿನ ಕೆಲಸ ಇಲ್ಲಿ ತೀರಾ ಹಳೆಯದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಕೆತ್ತಿದ್ದು ಸುಣ್ಣಕಲ್ಲಿನಲ್ಲೇ. ಕಾಗಿಣಾ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ನಿಂತಿರುವುದೂ ಇದೇ ಶಿಲೆಯ ನೆಲದ ಮೇಲೆ. ಭೂವಿಜ್ಞಾನಿಗಳು ಭೀಮಾ ಗುಂಪು ಎಂದು ಕರೆಯುವ ಈ ಸುಣ್ಣಕಲ್ಲು ಹಾಳೆ ಹಾಳೆಯಾಗಿ ಮಲಗಿದೆ. ಪದರದ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಬಡಿದು, ಹಾರೆ ತೂರಿಸಿ ಮೀಟಿದರೆ ಚಪ್ಪಟೆ ಫರ್ಸಿ ಎದ್ದುಬರುತ್ತದೆ. ಈ ಕಡೆಯ ಮನೆಗಳ ನೆಲಕ್ಕೂ ಮಾಳಿಗೆಗೂ ಅದೇ ಫರ್ಸಿ. ಹೀಗೆ ಎಬ್ಬಿಸುವಾಗ ಸಿಡಿಯುವುದು ಬಹುಮಟ್ಟಿಗೆ ಚಕ್ಕೆ ಮತ್ತು ದಪ್ಪ ಪುಡಿ. ಅದು ಬಯಲಿನಲ್ಲಿ ನೆಲಕ್ಕೆ ಬೀಳುತ್ತದೆ, ಮೂಗಿನ ಒಳದಾರಿಯಲ್ಲಿ ದೂರ ಹೋಗುವುದಿಲ್ಲ. ಹಳೆಯ ಕಲ್ಲುಕುಟಿಗರಿಗೆ ಧೂಳು ತಾಗುತ್ತಿರಲಿಲ್ಲ ಎಂದೇನೂ ಅಲ್ಲ. ಆದರೆ ಎದೆಯ ಆಳಕ್ಕೆ ಇಳಿಯುವ ಐದು ಮೈಕ್ರಾನಿಗಿಂತ ಸಣ್ಣ ಪುಡಿಯನ್ನು ಉಳಿ ಅಷ್ಟಾಗಿ ಹುಟ್ಟಿಸುವುದಿಲ್ಲ, ತಿರುಗುವ ಬ್ಲೇಡು ಹುಟ್ಟಿಸುತ್ತದೆ.

1871ರಲ್ಲಿ ಮುಂಬೈ ಕಡೆಯ ರೈಲುಹಾದಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರಾಜ್ಯದ ಹಳಿ ತೆರೆಯಿತು. ಫರ್ಸಿಗೆ ದೂರದ ಪೇಟೆಗಳು ಸಿಕ್ಕಿ, ಕಲ್ಲು ತಾನು ಎದ್ದುಬಂದ ಊರಿಗಿಂತ ಹೊರಗೆ ಹೆಚ್ಚು ಹೆಸರಾಯಿತು. ಬಹಳ ಕಾಲದ ಮೇಲೆ ವಜ್ರದ ಅಂಚಿನ ಬ್ಲೇಡುಗಳೂ ಪಾಲಿಶ್ ಯಂತ್ರಗಳೂ ಬಂದವು. ಅವುಗಳ ಜೊತೆಗೇ ಬ್ಲೇಡಿನ ಮೇಲೆ ಸುರಿಯುವ ನೀರೂ ಬಂತು. ನೀರಿಲ್ಲದೆ ಬಿಸಿಯೇರಿದರೆ ಬ್ಲೇಡು ಹಾಳು, ಕೊಯ್ತ ನಿಧಾನ, ಕಲ್ಲಿಗೆ ಬಿರುಕು. ಆ ನೀರೇ ಧೂಳನ್ನೂ ಕಟ್ಟಿಹಾಕುತ್ತದೆ ಎಂಬುದು ಪುಕ್ಕಟೆ ಸಿಕ್ಕ ಲಾಭ. ಸ್ಕ್ರೋಲ್ ಗರಗಸದಲ್ಲೂ ಇಂಥದ್ದೇ ಏರ್ಪಾಡು. ಅಲಗಿನ ಪಕ್ಕದ ಪುಟ್ಟ ಊದುಗೊಳವೆ ಪೆನ್ಸಿಲ್ ಗೆರೆ ಕಾಣಲೆಂದು ಪುಡಿಯನ್ನು ಆಚೆಗೆ ಊದುತ್ತದೆ. ಹಾಗೆ ಎದ್ದ ಪುಡಿ ಕೊರೆಯುವವನ ಮುಖದ ಸುತ್ತಲೇ ತೇಲುತ್ತದೆ, ಅದನ್ನು ಹಿಡಿಯುವ ಪಾಡು ಅವನದು. ಎರಡೂ ಕಡೆ ಯಂತ್ರ ಕಟ್ಟಿದವನು ಮೊದಲು ನೆನೆದದ್ದು ಕೆಲಸವನ್ನು.

ಸಿಮೆಂಟಿನ ಕತೆ ಬೇರೆ. 1920ರ ದಶಕದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಂಪನಿ ಇತ್ತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ವಾಡಿಯ ಕಾರ್ಖಾನೆ 1968ರದು. 1980ರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಬಂದವು. ಆಮೇಲೆ ಚಿಂಚೋಳಿ ತಾಲ್ಲೂಕಿಗೂ ಕಾರ್ಖಾನೆಗಳು ಹಬ್ಬಿದವು. ಕುಲುಮೆಯಲ್ಲಿ ಸುಟ್ಟು ಬರುವ ಸಿಮೆಂಟಿನ ಗಟ್ಟಿ, ಅಂದರೆ ಕ್ಲಿಂಕರ್, ಒಂದು ಟನ್ ಆಗಲು ಸುಮಾರು ಒಂದೂವರೆ ಟನ್ ಸುಣ್ಣಕಲ್ಲನ್ನು ಅಗೆದು, ಅರೆದು, ಹಿಟ್ಟಾಗಿಸಬೇಕು. ಆ ಹಿಟ್ಟು ಗಾಳಿಗೆ ಹೋದರೆ ಅಗೆದ ಕೂಲಿ, ಅರೆದ ವಿದ್ಯುತ್ತು ಎಲ್ಲ ದಂಡ. ಹಾಗಾಗಿ ಸೈಕ್ಲೋನು, ಬಟ್ಟೆಚೀಲದ ಫಿಲ್ಟರು, ವಿದ್ಯುತ್ತಿನಿಂದ ಪುಡಿಯನ್ನು ತಟ್ಟೆಗೆ ಎಳೆಯುವ ಇಎಸ್‌ಪಿ ಇವೆಲ್ಲ ಉತ್ಪಾದನೆಯ ಅಂಗಗಳೇ ಆದವು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಲಾಭ ಒಂದೇ ಕಾರಣವಾಗಿದ್ದರೆ ಸಿಮೆಂಟ್ ಊರುಗಳ ಮರಗಳು ಅಷ್ಟು ಕಾಲ ಬೂದಿ ಬಣ್ಣಕ್ಕಿದ್ದದ್ದೇಕೆ? ಆಕ್ಷೇಪ ಸರಿಯಾದದ್ದೇ. ಹಿಡಿದ ಪುಡಿಯ ಬೆಲೆಗಿಂತ ಹಿಡಿಯುವ ಖರ್ಚು ಹೆಚ್ಚಾಗುವ ಒಂದು ಹಂತ ಇರುತ್ತದೆ, ಲಾಭದ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಅದರಾಚೆಗಿನ ಸಣ್ಣ ಧೂಳನ್ನು ಹಿಡಿಸಿದ್ದು ಕಾನೂನು. 1981ರ ವಾಯು ಕಾಯ್ದೆ ಬಂತು. 2014ರ ಕೇಂದ್ರದ ಅಧಿಸೂಚನೆ ಹೊಸ ಕುಲುಮೆಗಳ ಚಿಮಣಿಯಿಂದ ಹೊರಡುವ ಪ್ರತಿ ಘನ ಮೀಟರ್ ಗಾಳಿಯಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಧೂಳು ಇರಕೂಡದೆಂದಿತು. ಆದರೆ ಕಾನೂನನ್ನು ಎಬ್ಬಿಸುವವರು ಯಾರು ಎಂದೂ ಕೇಳಬೇಕು. ಕ್ಯಾಲಿಫೋರ್ನಿಯಾದ ಕೋಲ್ಟನ್‌ನಲ್ಲಿ ಸಿಮೆಂಟ್ ಧೂಳು ಕಿತ್ತಳೆ ತೋಟಗಳ ಮೇಲೆ ಕೂತಾಗ ತೋಟದ ಮಾಲೀಕರು ನ್ಯಾಯಾಲಯಕ್ಕೆ ಹೋದರು. 1911ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಫ್ರೆಡರಿಕ್ ಕಾಟ್ರೆಲ್ ರೂಪಿಸಿದ ಇಎಸ್‌ಪಿ ಸಿಮೆಂಟ್ ಉದ್ಯಮಕ್ಕೆ ಕಾಲಿಟ್ಟದ್ದು ಅದೇ ಹೊತ್ತಿಗೆ, ಅಲ್ಲೇ ಸಮೀಪದ ರಿವರ್‌ಸೈಡ್ ಕಾರ್ಖಾನೆಯಲ್ಲಿ. ಮೊದಲ ಮಹಾಯುದ್ಧದಲ್ಲಿ ಪೊಟ್ಯಾಷ್ ಅಭಾವವಾದಾಗ ಹಿಡಿದ ಧೂಳಿನಿಂದ ಅದನ್ನು ತೆಗೆದು ಮಾರಿದ್ದೂ ಉಂಟು. ತೋಟಕ್ಕೆ ಒಡೆಯನಿದ್ದ, ಅವನ ಕೈಯಲ್ಲಿ ವಕೀಲನಿದ್ದ. ಇಲ್ಲಿನ ತೊಗರಿ ಹೊಲದ ರೈತನ ದೂರಿಗೆ ಅಷ್ಟು ಬಲ ಇರಲಿಲ್ಲ, ಆದರೂ ತೋರಿಸಲು ಎಲೆಯ ಮೇಲೆ ಕೂತ ಬಿಳಿಯಾದರೂ ಅವನಿಗಿತ್ತು. ಕಲ್ಲು ಕೊಯ್ಯುವವನ ಎದೆಯೊಳಗಿನದನ್ನು ತೋರಿಸಬೇಕಾದರೆ ಎಕ್ಸ್‌ರೇ ಬೇಕು, ಎಕ್ಸ್‌ರೇ ತೆಗೆಸಲು ಒಂದು ದಿನದ ಕೂಲಿ ಬಿಡಬೇಕು.

ಅವನಿಗೆ ಕಾನೂನು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲೇ ಅದನ್ನು ಹೀರುವ ಸಾಧನ ಇರಬೇಕು ಎಂದು ಆಗಲೇ ಹೇಳಿತ್ತು. ಧೂಳು ಹಿಡಿಯುವ ವಿದ್ಯೆಯ ತಿರುಳೂ ಅದೇ. ಅಲಗಿನ ಬುಡದಲ್ಲಿ ಚಿಕ್ಕ ಬಾಯಿ ಮಾಡಬಲ್ಲದ್ದನ್ನು ಕೋಣೆಯ ಮೂಲೆಯ ದೊಡ್ಡ ಫ್ಯಾನು ಮಾಡಲಾರದು. ಆದರೆ ಆ ಕಾಯ್ದೆಯಲ್ಲಿ, ವಿದ್ಯುತ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ನಾಲ್ಕೈದು ಜನರ ಪಾಲಿಶ್ ಶೆಡ್ಡು ಸಾಮಾನ್ಯವಾಗಿ ಆ ಗೆರೆಯ ಹೊರಗೇ ಉಳಿಯಿತು. 2020ರ ವೃತ್ತಿ ಸುರಕ್ಷತೆ, ಆರೋಗ್ಯ ಸಂಹಿತೆ ಈ ಹತ್ತನ್ನು ಇಪ್ಪತ್ತಕ್ಕೆ ಏರಿಸಿದೆ. ಇನ್ನು ಕೌಶಲದ ಕೊರತೆ ಎಂಬ ಮಾತು ಶಹಾಬಾದಿನ ಮಟ್ಟಿಗಂತೂ ನಿಲ್ಲದು. ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್, ಜನರ ಬಾಯಲ್ಲಿ ಎವಿಬಿ, ಬಾಯ್ಲರುಗಳನ್ನೂ ಸಿಮೆಂಟ್ ಯಂತ್ರಗಳನ್ನೂ ತಯಾರಿಸಿದ ಊರದು. ದಪ್ಪ ಉಕ್ಕಿನ ತಗಡನ್ನು ಬಾಗಿಸಿ ಬೆಸೆಯುವ ಕೈಗಳು ಅಲ್ಲಿ ಒಂದು ತಲೆಮಾರಿನಷ್ಟು ಕಾಲ ಇದ್ದವು. ಒಂದು ಸೈಕ್ಲೋನ್ ಅವರಿಗೆ ಯಾವ ಲೆಕ್ಕ?

ಶಹಾಬಾದಿನದು ಸುಣ್ಣಕಲ್ಲು, ಗ್ರಾನೈಟೂ ಅಲ್ಲ, ಮರಳುಗಲ್ಲೂ ಅಲ್ಲ, ಸಿಲಿಕಾ ಧೂಳು ತರುವ ಶ್ವಾಸಕೋಶದ ರೋಗವಾದ ಸಿಲಿಕೋಸಿಸ್‌ನ ಭಯ ಇಲ್ಲಿಗೆ ಸಲ್ಲದು ಎನ್ನುವವರಿದ್ದಾರೆ. ಅರ್ಧ ನಿಜ. ಶುದ್ಧ ಸುಣ್ಣಕಲ್ಲಿನ ಪುಡಿ ಸಿಲಿಕಾದಷ್ಟು ಕೊಲ್ಲುವುದಿಲ್ಲ. ಆದರೆ ಈ ಶಿಲೆಯ ಎಲ್ಲ ಪದರಗಳೂ ಶುದ್ಧವಲ್ಲ, ಸಿಲಿಕಾ ಬೆರೆತ ಪದರಗಳೂ ಇವೆ. ಅದೇ ಬ್ಲೇಡಿಗೆ ನಾಳೆ ಗ್ರಾನೈಟ್ ಬಂದರೆ ಕೊಯ್ಯುವವನು ಬದಲಾಗುವುದಿಲ್ಲ. ನೀರಿದೆಯಲ್ಲ ಎಂಬ ಸಮಾಧಾನ ಇದಕ್ಕಿಂತ ಗಟ್ಟಿ. ಒದ್ದೆ ಕೊಯ್ತ ಧೂಳನ್ನು ಬಹಳವೇ ಇಳಿಸುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ನೀರು ಧೂಳನ್ನು ಕರಗಿಸಿಬಿಡುವುದಿಲ್ಲ, ಕೆಸರು ಮಾಡಿ ಮುಂದಕ್ಕೆ ಕಳಿಸುತ್ತದೆ. ಹೊಂಡದಿಂದ ಎತ್ತಿ ಬಯಲಿಗೆ ಸುರಿದ ಆ ಕೆಸರು ಕಲಬುರಗಿಯ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಗಾಳಿ ಎದ್ದಾಗ ಮತ್ತೆ ಧೂಳೇ. ಹತ್ತಿರದ ಕಾರ್ಖಾನೆ ವಿದ್ಯುತ್ ಸುಟ್ಟು ಅರೆದುಕೊಳ್ಳುವ ಸುಣ್ಣಕಲ್ಲಿನ ಹಿಟ್ಟು ಇಲ್ಲಿ ಅರೆದೇ ಸಿಗುತ್ತಿದೆ, ಬೇಡುವವರಿಲ್ಲ. ಅದರ ತೇವ, ಅದರಲ್ಲಿನ ಪಾಲಿಶ್ ಕಲ್ಲಿನ ಕಣ, ಸಾಗಣೆಯ ವೆಚ್ಚ ಎಲ್ಲವೂ ನಿಜವಾದ ತೊಡಕುಗಳೇ. ಗಣಿಯಿಂದ ಒಂದೇ ಗುಣದ ಕಲ್ಲು ಬೇಕಾದಷ್ಟು ಸಿಗುತ್ತಿರುವವರೆಗೆ ಆ ತೊಡಕುಗಳನ್ನು ಬಿಡಿಸಲು ಯಾರಿಗೂ ಅವಸರವಿಲ್ಲ.

ಈಗ ಧೂಳು ಅತಿ ಹೆಚ್ಚು ಏಳುವುದು ಬಹುಶಃ ಶೆಡ್ಡಿನಲ್ಲೂ ಅಲ್ಲ, ಕಲ್ಲು ಹೋಗಿ ಸೇರುವ ಮನೆಗಳಲ್ಲಿ. ನೆಲಕ್ಕೆ ಫರ್ಸಿ ಹಾಸುವವನು ಮೂಲೆಯ ತುಂಡಿಗೆ ಕೈ ಕಟರ್ ಹಿಡಿದು, ಗೋಡೆ ಕೆಡುತ್ತದೆಂದು ನೀರು ಬಿಡದೆ, ಕುಕ್ಕರಗಾಲಲ್ಲಿ ಕೂತು ಕೊಯ್ಯುತ್ತಾನೆ. ಒಂದೇ ಕೊಯ್ತಕ್ಕೆ ಕೋಣೆ ಮಸುಕಾಗುತ್ತದೆ. ಹವ್ಯಾಸಿಯ ಬಕೆಟ್ ಸೈಕ್ಲೋನ್ ನಿಜವಾಗಿ ಸಲ್ಲಬೇಕಾದದ್ದು ಇಲ್ಲಿ. ಬ್ಲೇಡನ್ನು ಮುಚ್ಚುವ ಒಂದು ತಗಡಿನ ಕವಚ, ಅದರಿಂದ ಹೊರಟ ಪೈಪು, ನಡುವೆ ದಪ್ಪ ಪುಡಿಯನ್ನು ಬೀಳಿಸುವ ಮುಚ್ಚಿದ ಬಕೆಟ್, ಕೊನೆಗೆ ವ್ಯಾಕ್ಯೂಮ್. ಸೈಕ್ಲೋನಿನಿಂದ ತಪ್ಪಿಸಿಕೊಂಡ ಸಣ್ಣ ಪುಡಿಗೆ ವ್ಯಾಕ್ಯೂಮಿನೊಳಗೆ ಒಳ್ಳೆಯ ಫಿಲ್ಟರ್ ಇರಲೇಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣುವ ಧೂಳು ಬಕೆಟಿಗೆ ಬಿದ್ದು, ಕಾಣದ ಧೂಳು ಮತ್ತೆ ಕೋಣೆಗೇ ಬರುತ್ತದೆ. ಇದರ ಖರ್ಚು ಚದರಡಿ ಲೆಕ್ಕದಲ್ಲಿ ದುಡಿಯುವ ಗಾರೆಯವನ ತಲೆಗೆ ಬಿದ್ದರೆ ಅವನು ಹಾಕಿಸುವುದಿಲ್ಲ, ಹಾಕಿಸಲಿ ಎನ್ನುವುದು ನ್ಯಾಯವೂ ಅಲ್ಲ. ಹಾಸುವ ದರ ಮಾತಾಡುವ ದಿನವೇ ಮನೆಯವರೂ ಗುತ್ತಿಗೆದಾರನೂ ಕಟರಿನ ಕವಚವನ್ನೂ ವ್ಯಾಕ್ಯೂಮನ್ನೂ ಸಿಮೆಂಟು, ಮರಳಿನ ಪಟ್ಟಿಯಲ್ಲೇ ಬರೆದುಕೊಳ್ಳಬೇಕು.