ವಾಪಸು ಹೋದ ಸಂವಿಧಾನ

1996ರ ಸೆಪ್ಟೆಂಬರ್ 6ರಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ತನ್ನ ದೇಶದ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಡಲಿಲ್ಲ. ಸಂಸತ್ತಿನ ಎರಡೂ ಸದನ ಸೇರಿದ 490 ಸದಸ್ಯರ ಸಂವಿಧಾನ ಸಭೆ ಮೇ 8ರಂದು ಭಾರೀ ಬಹುಮತದಿಂದ ಅಂಗೀಕರಿಸಿದ ಬರಹ ಅದು. ಅದಕ್ಕಾಗಿ ಜನರಿಂದ ಬಂದ ಅಹವಾಲುಗಳು, ಸಹಿ ಮಾಡಿದ ಮನವಿಗಳನ್ನೂ ಸೇರಿಸಿ, ಸುಮಾರು 20 ಲಕ್ಷ. ಅಷ್ಟೆಲ್ಲ ಆದಮೇಲೂ ಹನ್ನೊಂದು ನ್ಯಾಯಮೂರ್ತಿಗಳು ತಿದ್ದಿ ತನ್ನಿ ಎಂದು ಹಿಂದಕ್ಕೆ ಕಳಿಸಿದರು. ಕಾನೂನು ಕಾಲೇಜಿನಲ್ಲಿ ನಾನು ಈ ಪಾಠ ತೆಗೆದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತಿತ್ತು: "ಸಾರ್, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು?"

ಕೊಟ್ಟವರು ಒಬ್ಬರನ್ನೊಬ್ಬರು ನಂಬದ ವೈರಿಗಳು. 1990ರಲ್ಲಿ ಮಂಡೇಲಾ ಬಿಡುಗಡೆಯಾದಾಗ ಸಂವಿಧಾನ ಬರೆಯುವವರು ಯಾರು ಎಂಬುದೇ ಇತ್ಯರ್ಥವಾಗಿರಲಿಲ್ಲ. ಚುನಾವಣೆ ಮೊದಲು, ಬರವಣಿಗೆ ಆಮೇಲೆ ಎಂದಿತು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್. ಚುನಾವಣೆ ನಡೆದರೆ ತಾವು ಅಲ್ಪಸಂಖ್ಯಾತರು ಎಂದು ಬಿಳಿಯರ ನ್ಯಾಷನಲ್ ಪಾರ್ಟಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಬರವಣಿಗೆ ಮೊದಲು ಮುಗಿಯಬೇಕಿತ್ತು. 1991ರ ಡಿಸೆಂಬರಿನಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರದ ಕೆಂಪ್ಟನ್ ಪಾರ್ಕಿನಲ್ಲಿ ಮಾತುಕತೆ ಶುರುವಾಯಿತು. ಆರು ತಿಂಗಳಲ್ಲಿ ಬೊಯಿಪಟಾಂಗ್‌ನಲ್ಲಿ 40ಕ್ಕೂ ಹೆಚ್ಚು ಜನರ ಕೊಲೆಯಾಗಿ ಮಾತು ಮುರಿಯಿತು. 1993ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟ್ ನಾಯಕ ಕ್ರಿಸ್ ಹಾನಿಯನ್ನು ಮನೆಯೆದುರೇ ಗುಂಡಿಕ್ಕಿ ಕೊಂದರು. ಜೂನ್‌ನಲ್ಲಿ ಬಿಳಿಯ ಉಗ್ರರು ಕವಚದ ವಾಹನವೊಂದನ್ನು ಸಭಾಭವನದ ಗಾಜಿನೊಳಕ್ಕೇ ನುಗ್ಗಿಸಿದರು. ಗಾಜಿನ ಚೂರು ಗುಡಿಸಿ ಮತ್ತೆ ಕೂತರು.

ಹಾಗೆ ಕೂತು ಕಂಡುಕೊಂಡ ದಾರಿ ಎರಡು ಹಂತದ್ದು. ಮೊದಲು ಒಂದು ಮಧ್ಯಂತರ ಸಂವಿಧಾನ, ಅದರೊಳಗೆ ಯಾರೂ ಮೀರಬಾರದ 34 ತತ್ವಗಳು. ಆಮೇಲೆ ಚುನಾವಣೆ. ಗೆದ್ದವರು ಕೊನೆಯ ಸಂವಿಧಾನ ಬರೆಯಲಿ. ಅದು ಆ ತತ್ವಗಳಿಗೆ ಸರಿಹೊಂದಿದೆ ಎಂದು ನ್ಯಾಯಾಲಯ ಪ್ರಮಾಣೀಕರಿಸದೆ ಜಾರಿಗೆ ಬರಬಾರದು. ಆ ನ್ಯಾಯಾಲಯ ಆಗಿನ್ನೂ ಹುಟ್ಟಿರಲೇ ಇಲ್ಲ! ಮತ ಎಣಿಸುವ ಮೊದಲೇ, ಗೆಲ್ಲುವವರ ಕೈಗೆ ಗೆಲ್ಲುವವರೇ ಕಟ್ಟು ಹಾಕಿಸಿಕೊಂಡರು. ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ.

ಕೆಂಪ್ಟನ್ ಪಾರ್ಕಿನ ಮೊದಲ ಸಭೆಯ ಅಧ್ಯಕ್ಷತೆ ವಹಿಸಿದ ಇಬ್ಬರು ನ್ಯಾಯಾಧೀಶರಲ್ಲಿ ಇಸ್ಮಾಯಿಲ್ ಮಹಮದ್ ಒಬ್ಬರು. ಭಾರತ ಮೂಲದವರು, ಪ್ರಿಟೋರಿಯಾದಲ್ಲಿ ಹುಟ್ಟಿದವರು. ಅವರು ವಕೀಲಿ ಮಾಡುತ್ತಿದ್ದ ಕಾಲದಲ್ಲಿ ದೇಶದ ಮೇಲ್ಮನವಿ ನ್ಯಾಯಾಲಯವಿದ್ದ ಬ್ಲೂಮ್‌ಫಾಂಟೈನ್‌ನಲ್ಲಿ ಭಾರತೀಯರು ರಾತ್ರಿ ತಂಗುವಂತಿರಲಿಲ್ಲ. ಎಂಥ ದೊಡ್ಡ ಮೊಕದ್ದಮೆಯೇ ಇರಲಿ, ಕತ್ತಲಾಗುವುದರೊಳಗೆ ಪ್ರಾಂತದ ಗಡಿ ದಾಟಬೇಕು. 1995ರ ಫೆಬ್ರುವರಿಯಲ್ಲಿ ಸಂವಿಧಾನ ನ್ಯಾಯಾಲಯ ಕೆಲಸ ಆರಂಭಿಸಿದಾಗ ಅವರು ಅಲ್ಲಿ ನ್ಯಾಯಮೂರ್ತಿ. ಮೊದಲು ವಿಚಾರಣೆಗೆ ಬಂದದ್ದು ಮರಣದಂಡನೆಯ ಪ್ರಶ್ನೆ. ಜೂನ್ 6ರಂದು ಹನ್ನೊಂದು ಮಂದಿಯೂ ಬೇರೆ ಬೇರೆ ತೀರ್ಪು ಬರೆದು, ಒಂದೇ ನಿರ್ಧಾರಕ್ಕೆ ಬಂದು ಗಲ್ಲನ್ನು ತೆಗೆದುಹಾಕಿದರು.

ಅದೇ ವರ್ಷ ಕ್ವಾಜುಲು-ನಟಾಲ್ ಪ್ರಾಂತದ ಮೊಕದ್ದಮೆಯೊಂದರಲ್ಲಿ ಮಹಮದ್ ನಮ್ಮ ಸುಪ್ರೀಂ ಕೋರ್ಟಿನ ಮೂಲರಚನೆಯ ಸಿದ್ಧಾಂತವನ್ನು, ಎಂದರೆ ಸಂವಿಧಾನದ ಮೂಲರಚನೆಯನ್ನು ಸಂಸತ್ತು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬುದನ್ನು, ಚರ್ಚಿಸಿದರು. ಅದು ತಮ್ಮಲ್ಲೂ ಸಲ್ಲುತ್ತದೆಯೇ ಎಂಬುದನ್ನು ಆ ದಿನ ತೀರ್ಮಾನಿಸಲಿಲ್ಲ. ಆ ಸಿದ್ಧಾಂತ ಬಂದದ್ದು 1973ರಲ್ಲಿ, ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಭೂಮಿಯ ವಿಷಯಕ್ಕೆ ಹೂಡಿದ ದಾವೆಯಿಂದ. ನಾನು ಕಾಸರಗೋಡಿನ ಕಡೆಯವನು. ನಮ್ಮೂರ ಕಡೆಯ ಮಠದ ಜಮೀನಿನ ತಕರಾರು ಜೋಹಾನ್ಸ್‌ಬರ್ಗಿನವರೆಗೆ ನಡೆದುಹೋದದ್ದನ್ನು ಹೇಳುವಾಗ ತರಗತಿಯಲ್ಲಿ ನನ್ನ ದನಿ ಸ್ವಲ್ಪ ಏರುತ್ತಿತ್ತು ಎಂದು ಹುಡುಗರು ನಗುತ್ತಿದ್ದರು.

ಮಹಮದ್ ಬರೆದ ಕಹಿ ತೀರ್ಪೂ ಒಂದಿದೆ. ರಾಜಕೀಯ ಉದ್ದೇಶದ ಅಪರಾಧವನ್ನು ಪೂರ್ತಿ ಒಪ್ಪಿಕೊಂಡವರಿಗೆ ಸತ್ಯ ಮತ್ತು ಸಾಮರಸ್ಯ ಆಯೋಗ ಕ್ಷಮಾದಾನ ಕೊಡಬಹುದಿತ್ತು. ಕೊಟ್ಟರೆ ಅವರ ಮೇಲೆ ಕೇಸೂ ಇಲ್ಲ, ಪರಿಹಾರದ ದಾವೆಯೂ ಇಲ್ಲ. ಪೊಲೀಸ್ ವಶದಲ್ಲಿ ಸತ್ತ ಸ್ಟೀವ್ ಬೀಕೋ ಅವರ ಕುಟುಂಬ ಇದನ್ನು ಪ್ರಶ್ನಿಸಿತು: ಕೋರ್ಟಿಗೆ ಹೋಗುವ ನಮ್ಮ ಹಕ್ಕೆಲ್ಲಿ? 1996ರ ಜುಲೈನಲ್ಲಿ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಕ್ಷಮೆಯ ಭರವಸೆ ಇಲ್ಲದಿದ್ದರೆ ಕೊಂದವರು ಬಾಯಿಬಿಡುವುದಿಲ್ಲ, ಅಧಿಕಾರ ಶಾಂತಿಯಿಂದ ಕೈ ಬದಲಾಗುತ್ತಲೂ ಇರಲಿಲ್ಲ ಎಂಬುದು ಮಹಮದರ ತರ್ಕ. ತರ್ಕ ಸರಿಯಿದೆ. ಆದರೆ ಬೆಲೆ ತೆತ್ತವರು ಒಪ್ಪಂದಕ್ಕೆ ಸಹಿ ಹಾಕಿದವರಲ್ಲ, ಸತ್ತವರ ಮನೆಯವರು.

ಆಮೇಲೆ ಆ ಸೆಪ್ಟೆಂಬರಿನ ತೀರ್ಪು. ಕಾರ್ಮಿಕ ಕಾಯ್ದೆಯೊಂದನ್ನು ನ್ಯಾಯಾಲಯದ ಪರಿಶೀಲನೆಗೆ ಸಿಗದಂತೆ ಕರಡು ಬಚ್ಚಿಟ್ಟಿತ್ತು. ಸರ್ಕಾರದ ಲೆಕ್ಕ ಪರಿಶೋಧಕರ ಮತ್ತು ಜನರ ದೂರು ಕೇಳುವ ಅಧಿಕಾರಿಯ ಸ್ವಾತಂತ್ರ್ಯಕ್ಕೆ ಸಾಕಷ್ಟು ರಕ್ಷಣೆ ಇರಲಿಲ್ಲ. ಹಕ್ಕುಗಳ ಅಧ್ಯಾಯವನ್ನು ತಿದ್ದುವುದು ಸುಲಭವಾಗಿತ್ತು. ಪ್ರಾಂತಗಳ ಅಧಿಕಾರ ಕುಗ್ಗಿತ್ತು. ಚುನಾವಣೆ ಗೆದ್ದು ಬಂದಿದ್ದ ಮಂಡೇಲಾ ಸರ್ಕಾರ ಮರುಮಾತಾಡದೆ ಒಪ್ಪಿತು. ಅಕ್ಟೋಬರ್ 11ಕ್ಕೆ ತಿದ್ದಿದ ಪ್ರತಿ ಸಿದ್ಧ, ಡಿಸೆಂಬರ್ 4ಕ್ಕೆ ನ್ಯಾಯಾಲಯದ ಪ್ರಮಾಣ. ಡಿಸೆಂಬರ್ 10ರಂದು, 1960ರಲ್ಲಿ ಪೊಲೀಸರು ಗುಂಡು ಹಾರಿಸಿದ್ದ ಶಾರ್ಪ್‌ವಿಲ್‌ಗೇ ಹೋಗಿ ಮಂಡೇಲಾ ಸಹಿ ಹಾಕಿದರು. 1997ರಲ್ಲಿ ಮಹಮದ್ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಪೀಠ ಅದೇ ಬ್ಲೂಮ್‌ಫಾಂಟೈನ್‌ನಲ್ಲಿ.

ನಮ್ಮಲ್ಲಿ ಆರೋಗ್ಯದಂಥವು ರಾಜ್ಯನೀತಿಯ ನಿರ್ದೇಶಕ ತತ್ವಗಳ ಸಾಲಿನಲ್ಲಿವೆ. ಅವನ್ನು ಹಿಡಿದು ನೇರ ಕೋರ್ಟಿಗೆ ಹೋಗುವಂತಿಲ್ಲ. ದಕ್ಷಿಣ ಆಫ್ರಿಕಾದವರು ವಸತಿ, ಆರೋಗ್ಯಗಳನ್ನು ಹಕ್ಕುಗಳ ಪಟ್ಟಿಗೇ ಸೇರಿಸಿದರು. 2000ದಲ್ಲಿ, ಕೇಪ್‌ಟೌನ್ ಹೊರವಲಯದ ಗುಡಿಸಲಿನ ಐರೀನ್ ಗ್ರೂಟ್‌ಬೂಮ್ ಮತ್ತಿತರರ ದಾವೆಯಲ್ಲಿ, ಅಂಧ ನ್ಯಾಯಮೂರ್ತಿ ಝಾಕ್ ಯಾಕೂಬ್ ಸರ್ಕಾರದ ವಸತಿ ಯೋಜನೆಯನ್ನು ತಪ್ಪೆಂದರು: ಸೂರೇ ಇಲ್ಲದವರಿಗೆ ಅದರಲ್ಲಿ ತಕ್ಷಣದ ನೆರವೇ ಇರಲಿಲ್ಲ. ಆದರೆ ಆಕೆಗೆ ಮನೆ ಕೊಡಿ ಎಂಬ ಆದೇಶ ತೀರ್ಪಿನಲ್ಲಿಲ್ಲ. 2008ರಲ್ಲಿ ಗ್ರೂಟ್‌ಬೂಮ್ ತೀರಿಕೊಂಡಾಗಲೂ ಇದ್ದದ್ದು ಗುಡಿಸಲೇ.

ಅದೇ ತೀರ್ಪಿನ ಬಲದ ಮೇಲೆ 2002ರಲ್ಲಿ ನ್ಯಾಯಾಲಯ, ಎಚ್‌ಐವಿ ತಾಯಿಯಿಂದ ಮಗುವಿಗೆ ದಾಟದಂತೆ ತಡೆಯುವ ನೆವಿರಪಿನ್ ಔಷಧವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡಲೇಬೇಕು ಎಂದಿತು. ಅದನ್ನು ವಿರೋಧಿಸಿ ವಾದಿಸಿದ್ದ ಸರ್ಕಾರ ಸೋತಮೇಲೆ ಆದೇಶಕ್ಕೆ ತಲೆಬಾಗಬೇಕಾಯಿತು. ಆ ಔಷಧ ಪಡೆದ ತಾಯಂದಿರಿಗೆ ಗ್ರೂಟ್‌ಬೂಮ್ ಹೆಸರು ಗೊತ್ತಿರಲಾರದು. ತನಗೆ ಸಿಗದ ಹಕ್ಕನ್ನು ಇನ್ನೊಬ್ಬರಿಗೆ ಗೆದ್ದುಕೊಟ್ಟವರು ಆಕೆ. ಸಂವಿಧಾನ ಗೆದ್ದದ್ದನ್ನೂ ಸೋತದ್ದನ್ನೂ ನಾನು ಒಂದೇ ಪಾಠದಲ್ಲಿ ಹೇಳುತ್ತಿದ್ದುದು ಅದಕ್ಕೇ.