ರೋಬೋಟ್ ಕೊಟ್ಟ ಅಪ್ಪ, ಮಾತಾಡದ ಅಪ್ಪ

ಇವತ್ತಿನ ಎಪಿಸೋಡ್ ಅನಿಮೆ ಬಗ್ಗೆ. ಫೈಟ್ ಸೀನ್‌ಗಳ ಬಗ್ಗೆ ಅಲ್ಲ, ಅದರಲ್ಲಿ ಬರೋ ಅಪ್ಪಂದಿರ ಬಗ್ಗೆ. 'ಇವ್ಯಾಂಜೆಲಿಯನ್' ಇನ್ನೂ ನೋಡಿಲ್ಲ ಅನ್ನೋರಿಗೆ ಮೊದಲೇ ಹೇಳ್ಬಿಡ್ತೀನಿ, ಸ್ಪಾಯ್ಲರ್ ಇದೆ.

ಜಪಾನಿನ ರೋಬೋಟ್ ಅನಿಮೆಗಳಲ್ಲಿ ಒಂದು ಹಳೇ ಪದ್ಧತಿ. ದೊಡ್ಡವರು ಯಂತ್ರ ಕಟ್ಟುತ್ತಾರೆ, ಹುಡುಗ ಓಡಿಸುತ್ತಾನೆ. 1972ರಲ್ಲಿ ಟಿವಿಗೆ ಬಂದ 'ಮಜಿಂಗರ್ ಝಡ್' ನೋಡಿ. ತಾತ ಸಾಯುವ ಮುಂಚೆ ತಾನು ಕಟ್ಟಿದ ದೈತ್ಯ ರೋಬೋಟನ್ನು ಮೊಮ್ಮಗ ಕೋಜಿಗೆ ಒಪ್ಪಿಸುತ್ತಾನೆ. ಅಲ್ಲಿ ಅದು ಪ್ರೀತಿಯಿಂದ ಬಂದ ಆಸ್ತಿ.

1979ಕ್ಕೆ ಬನ್ನಿ. ಯೋಶಿಯುಕಿ ತೊಮಿನೊ ನಿರ್ದೇಶನದ 'ಮೊಬೈಲ್ ಸೂಟ್ ಗಂಡಮ್'. ಹುಡುಗ ಅಮುರೊನ ಅಪ್ಪ ಆ ಯಂತ್ರದ ಹಿಂದಿರೋ ಎಂಜಿನಿಯರ್. ಯುದ್ಧದಲ್ಲಿ ಬೇರೆಯಾದ ಅಪ್ಪ-ಮಗ ಬಹಳ ಕಾಲದ ಮೇಲೆ ಸಿಗ್ತಾರೆ. ಆಮ್ಲಜನಕ ಸಿಗದೆ ಅಪ್ಪನ ಬುದ್ಧಿ ಮಂಕಾಗಿದೆ. ಮಗನ ಕಷ್ಟಸುಖ ಕೇಳೋ ಬದಲು, ಗಂಡಮ್‌ಗೆ ಜೋಡಿಸು ಅಂತ ಒಂದು ಬಿಡಿಭಾಗ ಕೈಗಿಡ್ತಾನೆ. ಅದು ಯಾವತ್ತೋ ಹಳತಾಗಿರೋ ಭಾಗ. ಅಮುರೊ ಹೊರಗೆ ಬಂದು ಅದನ್ನ ಬಿಸಾಡ್ತಾನೆ.

ಆ ಕಾಲದ ಜಪಾನಿನಲ್ಲಿ ಬೆಳಿಗ್ಗೆ ರೈಲು ಹತ್ತಿ, ಮಕ್ಕಳು ಮಲಗಿದ ಮೇಲೆ ಮನೆ ಸೇರುವ 'ಸ್ಯಾಲರಿಮ್ಯಾನ್' ಅಪ್ಪ ತುಂಬಾ ಜನರಿಗೆ ಗೊತ್ತಿದ್ದ ಅಪ್ಪ. 1990ರ ದಶಕದ ಶುರುವಿನಲ್ಲಿ ಅಲ್ಲಿನ ಆರ್ಥಿಕ ಗುಳ್ಳೆ ಒಡೆಯಿತು. ಬಿ.ಕಾಂ.ನಲ್ಲಿ ನಾನು ಇದನ್ನ ಷೇರು, ಜಮೀನಿನ ಬೆಲೆ ಲೆಕ್ಕದಲ್ಲಿ ಓದಿದ್ದೆ. ಮನೆಯೊಳಗಿನ ಲೆಕ್ಕ ಆ ಪುಸ್ತಕದಲ್ಲಿ ಇರಲಿಲ್ಲ.

ಅದು ನನಗೆ ಸಿಕ್ಕಿದ್ದು ಇವ್ಯಾಂಜೆಲಿಯನ್‌ನಲ್ಲಿ. 1995ರ ಅಕ್ಟೋಬರ್, 26 ಕಂತು, ನಿರ್ದೇಶಕ ಹಿದೆಆಕಿ ಅನ್ನೊ. ಅದಕ್ಕೆ ಮುಂಚೆ ನಾಲ್ಕು ವರ್ಷ ಏನೂ ಮಾಡಲಾಗದ ಸ್ಥಿತಿಯಲ್ಲಿದ್ದೆ ಅಂತ ಅವರೇ ಬರೆದುಕೊಂಡಿದ್ದಾರೆ. ಕಥೆಯ ಶಿಂಜಿಗೆ 14 ವರ್ಷ. ತಾಯಿ ಇಲ್ಲವಾದ ಮೇಲೆ ಅಪ್ಪ ಗೆಂಡೊ ಅವನನ್ನು ಬೇರೆಯವರ ಹತ್ತಿರ ಬಿಟ್ಟಿದ್ದ. ಈಗ ಕರೆಸಿರೋದು ಮಗನನ್ನ ನೋಡೋಕಲ್ಲ, ಯಂತ್ರ ಓಡಿಸೋಕೆ.

ಹೊಡೆದರೆ ಬಾಸುಂಡೆ ಇರುತ್ತೆ, ತೋರಿಸಬಹುದು. ಅಪ್ಪ ಮಾತೇ ಆಡಲಿಲ್ಲ ಅನ್ನೋದನ್ನ ಹೇಗೆ ತೋರಿಸೋದು? ಅನ್ನೊ ತೋರಿಸಿದ್ದು ಹೀಗೆ: ಕಿವಿಗೆ ಇಯರ್‌ಫೋನ್ ಹಾಕಿ, ಅದೇ ಹಾಡುಗಳನ್ನ ಮತ್ತೆ ಮತ್ತೆ ಕೇಳ್ತಾ, ಪರಿಚಯ ಇಲ್ಲದ ಮನೆಯ ಸೂರು ನೋಡ್ತಾ ಮಲಗಿರೋ ಹುಡುಗ. ಅಪ್ಪ ಒಂದು ಸಲ ಹೊಗಳಲಿ ಅಂತ ಜೀವ ಪಣಕ್ಕಿಡೋ ಹುಡುಗ.

ಅಪ್ಪ-ಮಗ ಸರಿಯಾಗಿ ಮಾತಾಡೋಕೆ 2021 ಬರಬೇಕಾಯ್ತು. ಅದೇ ಕಥೆಯನ್ನ ಮತ್ತೆ ಹೇಳಿದ ಸಿನಿಮಾ ಸರಣಿಯ ಕೊನೆಯ ಚಿತ್ರ ಅದು. ಜನರಿಂದ ತಪ್ಪಿಸಿಕೊಳ್ಳೋಕೆ ಗೆಂಡೊ ಕೂಡ ಚಿಕ್ಕವನಿದ್ದಾಗ ಹೆಡ್‌ಫೋನ್ ಹಾಕ್ಕೊಳ್ತಿದ್ದ ಅಂತ ಗೊತ್ತಾಗುತ್ತೆ. ಆ ಪ್ಲೇಯರ್ ಮೂಲತಃ ಅಪ್ಪಂದೇ. ಶಿಂಜಿ ಅದನ್ನ ವಾಪಸ್ ಕೊಡ್ತಾನೆ. ಇದು ಕ್ಷಮೆನಾ? ನನಗೆ ಹಾಗನ್ಸಲ್ಲ. ಇದು ನಿನ್ನ ಭಾರ, ಇನ್ನು ನಾನು ಹೊರಲ್ಲ ಅನ್ನೋದೂ ಅದರಲ್ಲಿದೆ.

ನೀವೂ ಇಯರ್‌ಫೋನ್ ಹಾಕ್ಕೊಂಡೇ ಇದನ್ನ ಕೇಳ್ತಿರಬಹುದು. ನಮ್ಮಪ್ಪನ ಫೋನ್ 'ಊಟ ಆಯ್ತಾ'ಗೆ ಶುರುವಾಗಿ ಅಲ್ಲೇ ಮುಗಿಯುತ್ತೆ. ರೆಕಾರ್ಡಿಂಗ್ ಮುಗಿದ ಮೇಲೆ ಇವತ್ತು ನಾನೇ ಫೋನ್ ಮಾಡ್ತೀನಿ. ಏನು ಮಾತಾಡ್ಬೇಕು ಅಂತ ಇನ್ನೂ ಗೊತ್ತಿಲ್ಲ.

ಮುಂದಿನ ವಾರ ಸಿಗೋಣ.